ತಟ್ಟೆಯ ಮೇಲೊಂದು ತಟ್ಟೆ

ಲೊಪೆಟಿ ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ.

ಎರಡು ದ್ರಾಕ್ಷಿ ಸಾಲುಗಳ ನಡುವೆ, ಹಳದಿಗೆ ತಿರುಗಿದ ಎಲೆಗಳ ಕೆಳಗೆ ಅವನು ನಿಂತಿದ್ದ. ಎದುರಿಗೆ ಬಾವೋ ಕ್ಯಾಮೆರಾವನ್ನು ಎದೆಗವಚಿಕೊಂಡು, ಹಿಂದು ಹಿಂದಕ್ಕೆ ನಡೆಯಲು ಕಾಲು ಹದ ಮಾಡಿಕೊಂಡಿದ್ದ. ಪಕ್ಕದಲ್ಲಿ ಗೆಳೆಯ ಪೆನಿ, ಕಾರಿನ ಗಾಜಿಗೆ ಬಿಸಿಲು ತಡೆಯಲು ಹಾಕುವ ಬೆಳ್ಳಿ ಬಣ್ಣದ ಹಾಳೆಯನ್ನು ಓರೆಯಾಗಿ ಹಿಡಿದು ಅವನ ಮುಖಕ್ಕೆ ಬೆಳಕು ತಿರುಗಿಸುತ್ತಿದ್ದ. "ಹೂಂ, ಶುರು ಮಾಡು" ಎಂದು ಬಾವೋ ಹೇಳಿಯೂ ಆಗಿತ್ತು. ಆಗಲೇ ಬಾವೋನ ಭುಜದ ಹಿಂದಿನಿಂದ ಒಬ್ಬಳು ಹುಡುಗಿ ಪಕ್ಕಕ್ಕೆ ಸರಿದು ಕಾಣಿಸಿಕೊಂಡಳು. ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಬೆಕ್ಕಿನ ಬಾಲದಂಥ ತುಪ್ಪಳದ ಮೈಕು, ಎರಡೂ ಕಿವಿ ಮುಚ್ಚುವಂಥ ದೊಡ್ಡ ಹೆಡ್‌ಫೋನು. ಅವಳು ಸೇಯಿನಿ. ಲೊಪೆಟಿಯ ಸೋದರತ್ತೆಯ ಮಗಳು.

ಲೊಪೆಟಿ ತಲೆಯ ಮೇಲಿನ ಟೋಪಿ ತೆಗೆದ. ಅದರ ಮುಂದುಗಡೆ ಊರಿನ ಪಿನ್‌ಕೋಡು, ೩೫೪೯, ದಪ್ಪ ದಾರದಲ್ಲಿ ಹೊಲಿದಿತ್ತು. ಅದನ್ನು ಒಮ್ಮೆ ನೋಡಿ, ಮತ್ತೆ ತಲೆಗೆ ಹಾಕಿಕೊಂಡು, ಪಂಪಿನ ಮನೆಯ ಕಡೆಗೆ ನಡೆದುಬಿಟ್ಟ.

"ಇವನಿಗೇನಾಯ್ತೋ?" ಎಂದ ಬಾವೋ.

ಪೆನಿ ಬೆಳ್ಳಿ ಹಾಳೆಯನ್ನು ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡ. "ಯಾರನ್ನ ಕರ್ಕೊಂಡ್ ಬಂದಿದೀಯ ಗೊತ್ತಾ ನೀನು?" ಎಂದು ಅವನ ತೋಳು ಹಿಡಿದು ನೀರಿನ ಟ್ಯಾಂಕಿನ ಮರೆಗೆ ಎಳೆದುಕೊಂಡು ಹೋದ.

"ಸೇಯಿನೀನ. ಚರ್ಚಲ್ಲಿ ಹಾಡೋರಿಗೆಲ್ಲ ಮೈಕ್ ಸರಿ ಮಾಡೋದು ಅವಳೇ ತಾನೇ? ಮೊದ್ಲು ನಮಗೆ ಮೈಕ್ ಹಿಡೀತಿದ್ದ ಆ ಡೀನ್, ಕೆಲಸ ಸಿಕ್ತು ಅಂತ ಅಡಿಲೇಡಿಗೆ ಓಡೋದ್ಮೇಲೆ ಈ ಊರಲ್ಲಿ ಸೌಂಡ್ ಕೆಲಸ ಇನ್ಯಾರಿಗೆ ಬರುತ್ತೆ? ಅದೂ ಅಲ್ದೆ ಅವನ ಅತ್ತೆ ಮಗಳು. ಮನೆಯವಳಾದ್ರೆ ಸಲೀಸು ಅಂದ್ಕೊಂಡೆ."

"ಅತ್ತೆ ಮಗಳಲ್ಲ ಕಣೋ, ಅಕ್ಕ."

"ಎರಡೂ ಹೆಂಗಾಗ್ತಾಳೆ?"

"ಟೊಂಗಾದೋರಲ್ಲಿ ಅತ್ತೆ ಮಗಳು, ಮಾವನ ಮಗಳು, ಚಿಕ್ಕಪ್ಪನ ಮಗಳು, ಎಲ್ಲ ಅಕ್ಕ ತಂಗೀರೇ. ಅದ್ರಲ್ಲೂ ಅಪ್ಪನ ಅಕ್ಕನ ಮಗಳು ಅಂದ್ರೆ ತಲೆ ಮೇಲೆ ಇಟ್ಕೊಳ್ಬೇಕಾದೋಳು. ಅವಳ ಎದುರು ಕಾಲು ಚಾಚಿ ಕೂರಲ್ಲ ನಾವು. ಒಂದು ಪೋಲಿ ಮಾತು ಬರೋ ಹಂಗಿಲ್ಲ. ಟೀವೀಲಿ ಮುತ್ತು ಕೊಡೋದು ಬಂದ್ರೆ ಎದ್ದು ನೀರು ಕುಡಿಯೋಕ್ ಹೋಗ್ತೀವಿ. ನಂಗೆ ನಾಲ್ಕು ಜನ ಅಕ್ಕಂದಿರು. ಒಂದೊಂದ್ ಸಿನಿಮಾಕ್ಕೆ ಅರ್ಧ ಬಕೆಟ್ ನೀರು ಕುಡಿದಿದೀನಿ." ಪೆನಿ ದನಿ ತಗ್ಗಿಸಿದ. "ಅಂಥದ್ರಲ್ಲಿ ಇವನ ಪದ ನೀನು ಕೇಳಿದೀಯಲ್ಲ. ಎರಡನೇ ಸಾಲಿಗೇ ಹುಡುಗಿ ಸೊಂಟಕ್ಕೆ ಕೈ ಹಾಕಿರ್ತಾನೆ."

ಬಾವೋ ಸುತ್ತಿಟ್ಟಿದ್ದ ಹನಿ ನೀರಾವರಿಯ ಪೈಪಿನ ಮೇಲೆ ಕೂತುಬಿಟ್ಟ.

ಈ ತೋಟ ಅವನ ಅಪ್ಪನದು. ವಿಯೆಟ್ನಾಮಿನಿಂದ ಬಂದು ಬಾದಾಮಿ ತೋಟಗಳಲ್ಲಿ ದುಡಿದು, ಮರ್ರೆ ನದಿಯ ದಂಡೆಯಲ್ಲಿ ಇಷ್ಟು ನೆಲ ಮಾಡಿಕೊಂಡ ಮನುಷ್ಯ. ಮಗ ಮೆಲ್ಬರ್ನಿನಲ್ಲಿ ಸಿನಿಮಾ ಕಲಿಯಲು ಹೋಗಿ, ಅರ್ಧಕ್ಕೇ ಬಿಟ್ಟು ಬಂದು, ಈಗ ವಾರವೆಲ್ಲ ಹಣ್ಣಿನ ಶೆಡ್ಡಿನಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದ. ಶನಿವಾರ ಬಂತೆಂದರೆ ಕಡ ತಂದ ಕ್ಯಾಮೆರಾ ಹಿಡಿದು ಸಿನಿಮಾ. ಹಣ್ಣು ಕೀಳುವ ಹುಡುಗನೊಬ್ಬ ರ‍್ಯಾಪ್ ಹಾಡುತ್ತಾನೆ ಎಂಬುದೇ ಕತೆ. ಕೊನೆಯಲ್ಲಿ ಹುಡುಗ ಸಾಲಿನ ಈ ತುದಿಯಿಂದ ಆ ತುದಿಗೆ, ಎಲ್ಲೂ ಕತ್ತರಿ ಬೀಳದೆ, ತನ್ನ ಪದ ಹೇಳುತ್ತ ನಡೆದು ಬರಬೇಕು. ಇಡೀ ಚಿತ್ರವನ್ನು ಬಾವೋ ಮಾಡುತ್ತಿದ್ದುದೇ ಆ ಒಂದು ನಡಿಗೆಗಾಗಿ. ಎಲೆ ಹಳದಿಯಾಗುವುದನ್ನೇ ಕಾದಿದ್ದ. ಇನ್ನೊಂದು ಜೋರು ಗಾಳಿ ಬಂದರೆ ಬರೀ ಕಡ್ಡಿ ಉಳಿಯುತ್ತಿತ್ತು.

ಅಷ್ಟರಲ್ಲಿ ಲೊಪೆಟಿ ಮುಖ ತೊಳೆದುಕೊಂಡು ಅರ್ಧ ದಾರಿಗೆ ಬಂದು, ಬಳ್ಳಿಯ ಕಂಬವೊಂದಕ್ಕೆ ಒರಗಿ ನಿಂತ. ಸೇಯಿನಿ ಇದ್ದಲ್ಲೇ ಇದ್ದಳು. ಇಬ್ಬರ ನಡುವೆ ಒಂದು ಹಣ್ಣಿನ ಗಾಡಿ ದಾಟುವಷ್ಟೇ ಜಾಗ.

"ಬಾವೋ, ಅವನಿಗೆ ಹೇಳು" ಎಂದಳು ಸೇಯಿನಿ, ಬಾವೋನ ಕಡೆಗೆ ತಿರುಗಿ. "ನಾನು ಬರೀ ಸೌಂಡ್ ಮೀಟರಿನ ಸೂಜಿ ಮೇಲೇರತ್ತಾ ಕೆಳಗಿಳಿಯತ್ತಾ ಅಂತ ನೋಡ್ತಿರ್ತೀನಿ. ಪದ ಕೇಳಲ್ಲ."

"ಬಾವೋ" ಎಂದ ಲೊಪೆಟಿ, ಅವನೂ ಬಾವೋನ ಕಡೆಗೇ. "ಸೂಜಿ ನೋಡೋರ ಕಿವೀಲಿ ಹತ್ತಿ ಇರುತ್ತಾ ಅಂತ ಕೇಳು."

"ಕೇಳಿಸ್ತು ಕಣೋ ಅವಳಿಗೆ. ಇಲ್ಲೇ ಇದಾಳೆ."

"ನೀನು ಕೇಳು."

ಬಾವೋ ಉಸಿರುಬಿಟ್ಟು ತಿರುಗಿದ. "ಕಿವೀಲಿ ಹತ್ತಿ ಇರುತ್ತಾ ಅಂತೆ."

"ಇರಲ್ಲ ಅಂತ ಹೇಳು."

ಪೆನಿ ಬೆಳ್ಳಿ ಹಾಳೆಯ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದ.

ಹೆಡ್‌ಫೋನು ತೆಗೆದಿಟ್ಟು ಅವಳಿಲ್ಲದೆ ಒಮ್ಮೆ ಸದ್ದು ಹಿಡಿದು ನೋಡಿದರು. ಸೇಯಿನಿ ದೂರ ಹೋಗಿ ಪಂಪಿನ ಮನೆಯ ಹಿಂದೆ ನಿಂತಳು. ಪೆನಿ ಮೈಕು ಹಿಡಿದ. ಆಮೇಲೆ ಕೇಳಿದರೆ ಪದವೇ ಇರಲಿಲ್ಲ. ಗಾಳಿ ಗೊರಗೊರ ಎನ್ನುತ್ತಿತ್ತು, ಅದರ ನಡುವೆ ಪೆನಿಯ ಉಸಿರು. ಲೊಪೆಟಿಯೇ ಒಂದು ಉಪಾಯ ಹೇಳಿದ: ಒಬ್ಬನೇ ಗಾಡಿಯೊಳಗೆ ಕೂತು ಪದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ, ಇಲ್ಲಿ ಬರೀ ತುಟಿ ಆಡಿಸುತ್ತೇನೆ.

"ಆ ದನೀನ ಚಿತ್ರಕ್ಕೆ ಜೋಡ್ಸೋದು ನಾನೇ ಅಂತ ಹೇಳು" ಎಂದಳು ಸೇಯಿನಿ.

"ಅವಳು ಬೇಡ ಅಂದ್ರೆ ನಾನೇ ಜೋಡಿಸ್ತೀನಿ ಬಿಡು" ಎಂದ ಬಾವೋ.

"ಜೋಡಿಸ್ದೆ ಅಂತಾನೇ ಇಟ್ಕೋ" ಎಂದ ಪೆನಿ. "ಆಮೇಲೆ ಚರ್ಚಿನ ಹಾಲಲ್ಲಿ ತೋರಿಸ್ತೀಯಲ್ಲ. ಅಲ್ಲಿ ಯಾರ್ ಕೂತಿರ್ತಾರೆ? ಇವನ ಅತ್ತೆ. ನಮ್ಮ ನಾಲ್ಕು ಅಕ್ಕಂದಿರು. ಊರ ಅಕ್ಕ ತಂಗೀರೆಲ್ಲ. ಒಟ್ಟಿಗೆ ಕೂತು ಕೇಳ್ತಾರೆ."

ಲೊಪೆಟಿ ಕಂಬದಿಂದ ಬೆನ್ನು ತೆಗೆದ. ಅವನ ಪದಗಳು ಇಷ್ಟು ದಿನ ಫೋನಿನಲ್ಲಿ ಹರಿದಾಡಿದ್ದವು. ಪಕ್ಕದ ಪಟ್ಟಣ ಮಿಲ್ಡೂರಾದ ಹುಡುಗರು ಕೇಳಿದ್ದರು, ಮೆಲ್ಬರ್ನಿನ ಪಡುವಣ ಬಡಾವಣೆಗಳ ಹುಡುಗರು ಕೇಳಿ ಬೆಂಕಿಯ ಗುರುತು ಹಾಕಿದ್ದರು. ಎಲ್ಲರೂ ಒಬ್ಬೊಬ್ಬರೇ, ಕಿವಿಗೆ ತುರುಕಿಕೊಂಡು ಕೇಳಿದವರು. ಒಂದು ಕೋಣೆಯಲ್ಲಿ ಸಾಲು ಕುರ್ಚಿ ಹಾಕಿ, ದೀಪ ಆರಿಸಿ, ತನ್ನ ದನಿ ಗೋಡೆಯಿಂದ ಗೋಡೆಗೆ ಬಡಿಯುವುದನ್ನು ಅವನು ನೆನೆದಿರಲೇ ಇಲ್ಲ.

"ಬರೋ ಶನಿವಾರ" ಎಂದ ಬಾವೋ, ಕ್ಯಾಮೆರಾಕ್ಕೆ ಮುಚ್ಚಳ ಹಾಕುತ್ತ. "ಅಷ್ಟರವರೆಗೆ ಎಲೆ ಇದ್ರೆ ನಮ್ಮ ಪುಣ್ಯ. ಅವಳೆದುರು ಹೇಳೋಕಾಗೋ ಅಂಥದ್ದು ಏನಾದ್ರೂ ತಗೊಂಡ್ ಬಾ, ಮಗಾ. ಇಲ್ದಿದ್ರೆ ಬರೀ ನಡೀತೀಯ. ಬಾಯಿಲ್ಲದೋನ ತರ."

---

ಲೊಪೆಟಿ ಮಲಗುತ್ತಿದ್ದುದು ಅತ್ತೆಯ ಮನೆಯ ಹಿತ್ತಲಿನಲ್ಲಿ, ಚಕ್ರ ತೆಗೆದು ಇಟ್ಟಿಗೆಯ ಮೇಲೆ ನಿಲ್ಲಿಸಿದ ಹಳೆಯ ಕ್ಯಾರವಾನಿನಲ್ಲಿ. ಟೊಂಗಾದ ವವಾಉ ದ್ವೀಪದಿಂದ ಅವನನ್ನು ಶಾಲೆಗೆಂದು ಇಲ್ಲಿಗೆ ಕಳಿಸಿದಾಗ ಅವನಿನ್ನೂ ಚಿಕ್ಕವನು. ಆ ಒಂದು ಬೇಸಿಗೆ ಸೇಯಿನಿ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊಳೆಗೆ ಹೋಗುತ್ತಿದ್ದಳು, ಇಂಗ್ಲಿಷಿನಲ್ಲಿ ಬೈಯುವ ಹುಡುಗರಿಗೆ ಏನೆಂದು ತಿರುಗಿ ಬೈಯಬೇಕೆಂದು ಹೇಳಿಕೊಟ್ಟಿದ್ದಳು. ಆಮೇಲೆ ಅವನ ಗಂಟಲು ಒಡೆಯಿತು. ಅತ್ತೆ ಲೆಸಿಯೆಲಿ ಒಂದು ಬೆಳಿಗ್ಗೆ ಅವನ ಹಾಸಿಗೆಯನ್ನು ಸುರುಳಿ ಸುತ್ತಿ ಕ್ಯಾರವಾನಿನೊಳಗೆ ಹಾಸಿದಳು. ದೊಡ್ಡವನಾದ ಹುಡುಗ ಅಕ್ಕನಿರುವ ಸೂರಿನಡಿ ಮಲಗುವುದಿಲ್ಲ.

ಅಂದಿನಿಂದ ಊಟ ಕ್ಯಾರವಾನಿನ ಮೆಟ್ಟಿಲಿಗೆ ಬರುತ್ತಿತ್ತು. ಒಂದು ತಟ್ಟೆ, ಅದರ ಮೇಲೆ ಬೋರಲು ಹಾಕಿದ ಇನ್ನೊಂದು ತಟ್ಟೆ. ಕೆಲಸ ಮುಗಿಸಿ ಬಂದವನು ಮನೆಯ ಮೂಲೆ ತಿರುಗುವ ಮುಂಚೆ ಒಮ್ಮೆ ಕೆಮ್ಮುತ್ತಿದ್ದ. ಕೆಮ್ಮಿ ಸ್ವಲ್ಪ ನಿಲ್ಲುತ್ತಿದ್ದ. ಚಪ್ಪಲಿಯ ಸದ್ದು, ಅಡುಗೆಮನೆಯ ಜಾಲರಿ ಬಾಗಿಲು ಮುಚ್ಚುವ ಸದ್ದು. ಆಮೇಲೆ ಮೂಲೆ ತಿರುಗುತ್ತಿದ್ದ. ಉಂಡು, ತೊಳೆದು, ಎರಡೂ ತಟ್ಟೆಗಳನ್ನು ಅದೇ ಮೆಟ್ಟಿಲ ಮೇಲೆ ಇಡುತ್ತಿದ್ದ. ಬೆಳಗಾಗುವಷ್ಟರಲ್ಲಿ ಅವು ಒಳಗೆ ಹೋಗಿರುತ್ತಿದ್ದವು.

ಆ ಶನಿವಾರವೂ ತಟ್ಟೆ ಬಂತು. ಅವನು ಮಡಿಲಲ್ಲಿಟ್ಟುಕೊಂಡು, ಒಂದು ಕೈಯಲ್ಲಿ ಉಣ್ಣುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ತನ್ನ ಹಳೆಯ ಪದವನ್ನು ತಿದ್ದತೊಡಗಿದ. 'ಬೀದಿ ನಂದು, ಬಂದೂಕ್ ನಂದು, ಬಾಗಿಲಲ್ ನಿಂತ ಹುಡುಗೀರ್ ದಂಡು ನಂದು' ಎಂದು ಶುರುವಾಗುವ ಪದ. ಹುಡುಗಿಯರನ್ನು ತೆಗೆದ. ಬಂದೂಕು ತೆಗೆದ, ಬಂದೂಕನ್ನು ಅವನು ಕಂಡಿದ್ದೇ ಬಾವೋನ ಅಪ್ಪ ಗಿಳಿ ಓಡಿಸಲು ಹೊಡೆಯುವಾಗ. ಬೈಗುಳಗಳನ್ನು ತೆಗೆದ. ತೆಗೆದ ಜಾಗಗಳಲ್ಲಿ ನಂಬಿಕೆ, ಶ್ರಮ, ದೇವರು ಎಂದು ಒಂದೊಂದು ತುಂಬಿಸಿದ. ಮರುದಿನ ಚರ್ಚಿಗೆಂದು ಟೊಂಗಾದ ರೂಢಿಯಂತೆ ಸೊಂಟಕ್ಕೆ ಹೆಣೆದ ಚಾಪೆ ಸುತ್ತಿಕೊಂಡು ನಿಂತಾಗ ಅದು ಚೆನ್ನಾಗಿಯೇ ಇದೆ ಅನ್ನಿಸಿ, ಹೇಳಿ ಬಾವೋಗೆ ಕಳಿಸಿದ.

ಬಾವೋ ಫೋನು ಮಾಡಿದ. "ಮಗಾ, ಪಾದ್ರಿ ಕೈಲಿ ಬರೆಸಿದ್ಯಾ?"

"ಯಾಕೋ?"

"ಇದನ್ನ ಹೇಳ್ಕೊಂಡು ನೀನು ನಡೆದ್ರೆ, ಹಿಂದೆ ನಾನು ಕಾಣಿಕೆ ತಟ್ಟೆ ಹಿಡ್ಕೊಂಡು ಬರ್ಬೇಕು. ಬೈಗುಳ ಬೇಡ ಅಂದ್ರೆ ಬೇಡ. ಆದ್ರೆ ಇದ್ರಲ್ಲಿ ನೀನೇ ಇಲ್ವಲ್ಲೋ."

"ಮೊದಲಿನದ್ರಲ್ಲಿ ಇದ್ನಾ?"

"ಇಲ್ಲ ಅಂತಾನೇ ಕಾಣುತ್ತೆ" ಎಂದ ಬಾವೋ.

---

ಆ ವಾರ ಹಣ್ಣು ಉಳಿದಿದ್ದುದು ಹೊಳೆಯಾಚೆಯ ಒಂದು ತೋಟದಲ್ಲಿ ಮಾತ್ರ. ಬಳ್ಳಿಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಕಾಪಾಡಿದ ಕೆಂಪು ದ್ರಾಕ್ಷಿ. ಅಲ್ಲಿ ಲೊಪೆಟಿ ಅತ್ತೆಯ ಗುಂಪಿನಲ್ಲಿ ಕೆಲಸ ಮಾಡುತ್ತಿದ್ದ. ಲೆಸಿಯೆಲಿ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು, ಗೊಂಚಲನ್ನು ಎಡಗೈಯಲ್ಲಿ ತಿರುಗಿಸುತ್ತ, ಸಣ್ಣ ಕತ್ತರಿಯಿಂದ ಕೆಟ್ಟ ಹಣ್ಣುಗಳನ್ನಷ್ಟೇ ಬಿಡಿಸಿ ಬೀಳಿಸುತ್ತಿದ್ದಳು. ಅವನು ಕಿತ್ತು ಕೊಡುತ್ತ, ನಡುನಡುವೆ ತಾನೂ ಕತ್ತರಿ ಆಡಿಸುತ್ತಿದ್ದ. ಬಾಯಿ ಏನನ್ನೋ ಗೊಣಗುತ್ತಿತ್ತು.

"ಲೋ, ಕೆಟ್ಟದ್ದು ತೆಗಿ ಅಂದ್ರೆ ಎಲ್ಲಾನೂ ತೆಗೀತಿದೀಯಲ್ಲೋ" ಎಂದಳು ಅತ್ತೆ, ಅವನ ಕೈಯಿಂದ ಗೊಂಚಲು ಕಿತ್ತುಕೊಂಡು. "ನೋಡು, ಬರೀ ಕಡ್ಡಿ ಉಳೀತು. ಇದನ್ನ ಯಾರ್ ತಿಂತಾರೆ? ನಿಮ್ಮಪ್ಪನೂ ಹಿಂಗೇ, ಮೀನು ಸೀಳ್ತೀನಿ ಅಂತ ಮೀನೇ ಇಲ್ದಂಗೆ ಮಾಡೋನು."

ಅವನು ನಕ್ಕ. ಮತ್ತೆ ಬಾಯಿ ಗೊಣಗಿತು. ಮೂರು ದಿನದಿಂದ ಅವನ ನಾಲಿಗೆಯ ಮೇಲೆ ಒಂದೇ ಸಾಲು ಕೂತಿತ್ತು. ಯಾವುದೋ ಸಂಜೆ ಮೆಟ್ಟಿಲ ಮೇಲಿನ ತಟ್ಟೆಯನ್ನು ಎತ್ತಿಕೊಳ್ಳುವಾಗ ಬಂದದ್ದು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹಳೆಯ ಪದಗಳ ಹಾಗೆ ಎಲ್ಲಿಂದಲೋ ಎತ್ತಿ ತಂದವಲ್ಲ. ಆದರೆ ಹೇಳಬಹುದೇ? ಕೊಳಕು ಮಾತು ಒಂದೂ ಇಲ್ಲ, ನಿಜ. ಅಕ್ಕನ ಬಗ್ಗೆ, ಅಕ್ಕನೆದುರಿಗೇ, ಊರೆದುರಿಗೇ ಬಾಯಿ ಬಿಡುವುದೂ ಅಷ್ಟೇ ತಪ್ಪಾದರೆ? ಅದನ್ನು ಹೇಳಬಲ್ಲವಳು ಒಬ್ಬಳೇ. ಅಪ್ಪನ ಅಕ್ಕ. ಅವಳ ಮಾತಿನ ಮೇಲೆ ಅಪ್ಪನೂ ಮಾತಾಡುವುದಿಲ್ಲ.

"ಅತ್ತೆ, ಒಂದು ಕೇಳ್ಬೇಕಿತ್ತು."

"ಕೇಳು."

"ಒಂದು ಪದ ಮಾಡಿದೀನಿ. ಸಿನಿಮಾಕ್ಕೆ. ಹೇಳ್ಬಹುದಾ ಇಲ್ವಾ ಅಂತ ನೀವು ಹೇಳ್ಬೇಕು."

"ಪದ ಕೇಳ್ದೆ ಹೆಂಗೆ ಹೇಳ್ಲಿ?"

"ನಿಮ್ಮೆದುರು ಹೇಳೋಕಾಗಲ್ಲ."

"ಅಂದ್ರೆ ಕೆಟ್ಟ ಪದ."

"ಕೆಟ್ಟದ್ದಲ್ಲ ಅತ್ತೆ. ಆದ್ರೂ ಆಗಲ್ಲ."

ಲೆಸಿಯೆಲಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪೆಟ್ಟಿಗೆಯ ಮೇಲೆ ಕೂತಂತೆಯೇ, ಭಾರದ ಮೈಯನ್ನು ಪೂರ್ತಿ ತಿರುಗಿಸಿಕೊಂಡು ಅವನಿಗೆ ಬೆನ್ನು ಹಾಕಿದಳು. "ನಾನು ಇಲ್ಲಿಲ್ಲ" ಎಂದಳು. "ನಿಂಗೆ ಹುಚ್ಚು, ಬಳ್ಳಿ ಜತೆ ಮಾತಾಡ್ತಿದೀಯ. ಆಡು."

ಅವನು ಬಳ್ಳಿಗೆ ಹೇಳಿದ. ತಗ್ಗಿದ ದನಿಯಲ್ಲಿ, ಕತ್ತರಿಯನ್ನು ತೊಡೆಗೆ ತಟ್ಟುತ್ತ. ಮೊದಲು ಅತ್ತೆಯ ಕತ್ತರಿ ಚಕ್ ಚಕ್ ಎನ್ನುತ್ತಿತ್ತು. ನಡುವೆ ಎಲ್ಲೋ ನಿಂತಿತು. ಅವನ ಪದ ಮುಗಿದ ಮೇಲೂ ಶುರುವಾಗಲಿಲ್ಲ. ಪ್ಲಾಸ್ಟಿಕ್ ಹೊದಿಕೆ ಗಾಳಿಗೆ ಉಬ್ಬಿ ತಗ್ಗುತ್ತಿತ್ತು.

"ಒಂದು ಸುಳ್ಳಿದೆ" ಎಂದಳು ಅತ್ತೆ, ತಿರುಗದೆ.

"ಯಾವುದು?"

"ತಟ್ಟೆ ಎತ್ತಿದ್ರೆ ಹಬೆ ಬರುತ್ತೆ ಅಂದ್ಯಲ್ಲ. ನಮ್ಮ ಮನೇಲಿ ಅಡುಗೆ ಯಾವಾಗ ಆಗುತ್ತೆ, ಗೆಳೆಯರ ಜತೆ ಸುತ್ತಿ ನೀನು ಯಾವಾಗ ಬರ್ತೀಯ? ಅಷ್ಟೊತ್ತಿಗೆ ಕೆಸುವಿನ ಗೆಡ್ಡೆ ಕಲ್ಲಾಗಿರುತ್ತೆ."

"ಇಲ್ಲ ಅತ್ತೆ, ಬಿಸಿ ಇರುತ್ತೆ. ದಿನಾನೂ."

"ಇರುತ್ತೆ. ಯಾಕಿರುತ್ತೆ?" ಲೆಸಿಯೆಲಿ ಹೊಸ ಗೊಂಚಲೊಂದನ್ನು ಕೈಗೆತ್ತಿಕೊಂಡಳು. "ನಿನ್ನ ಆ ದರಿದ್ರ ಗಾಡಿ ಸೇತುವೆ ಹತ್ರ ಬಂದಾಗ್ಲೇ ಊರಿಗೆಲ್ಲ ಕೇಳುತ್ತೆ. ಅದು ಕೇಳಿದ್ ತಕ್ಷಣ ನಿನ್ನಕ್ಕ ಎದ್ದು ಒಲೆ ಹಚ್ತಾಳೆ. ಓದ್ತಿದ್ರೂ ಏಳ್ತಾಳೆ, ತಲೆ ಬಾಚ್ತಿದ್ರೂ ಏಳ್ತಾಳೆ. ನಾನಾಗಿದ್ರೆ ತಣ್ಣಗಿರೋದನ್ನೇ ತಿನ್ಲಿ ಅಂತ ಬಿಡ್ತಿದ್ದೆ."

ಲೊಪೆಟಿ ಸೇತುವೆಯ ದಿಕ್ಕಿಗೆ ತಿರುಗಿ ನೋಡಿದ.

"ಹೇಳ್ಬಹುದು, ಹೇಳು" ಎಂದಳು ಅತ್ತೆ. "ಹೆಸರು ಮಾತ್ರ ಎತ್ಬೇಡ." ಮತ್ತೆ ಸ್ವಲ್ಪ ಹೊತ್ತಿಗೆ, "ಕೀಳು, ಕೀಳು. ಬಳ್ಳಿ ಜತೆ ಮಾತಾಡಿದ್ದಕ್ಕೆ ಕೂಲಿ ಕೊಡಲ್ಲ ಇವರು."

ಅಂದು ಸಂಜೆ ಮನೆಗೆ ಹೋಗುವಾಗ ಪೆನಿ ಪಕ್ಕದಲ್ಲಿ ಕೂತಿದ್ದ. ಸೇತುವೆ ದಾಟುವಾಗ ಅವನು ಕಿವಿಗೆ ಬೆರಳಿಟ್ಟುಕೊಂಡು, "ಈ ಸೈಲೆನ್ಸರ್ ಮಾಡಿಸ್ತೀನಿ ಮಾಡಿಸ್ತೀನಿ ಅಂತ ಎಷ್ಟು ದಿನ ಆಯ್ತೋ? ಶನಿವಾರ ಬೆಳಿಗ್ಗೆ ಗ್ಯಾರೇಜು ತೆಗ್ದಿರುತ್ತೆ" ಎಂದ.

"ಇರ್ಲಿ ಬಿಡು" ಎಂದ ಲೊಪೆಟಿ.

---

ಶನಿವಾರದ ಹೊತ್ತಿಗೆ ಎಲೆ ಅರ್ಧ ಉದುರಿತ್ತು. ಬಾವೋ ಬಂದು ನೋಡಿ ತಲೆಯ ಮೇಲೆ ಕೈ ಹೊತ್ತ. ಆಮೇಲೆ ಬಿಸಿಲು ಓರೆಯಾಗಿ ಬಿದ್ದಾಗ, ಉಳಿದ ಎಲೆಗಳ ನಡುವೆ ಬೆಳಕು ತುಂಡು ತುಂಡಾಗಿ ಇಳಿದು, ನೆಲವೆಲ್ಲ ಹಳದಿಯಾಗಿ ಕಂಡಿತು. "ಇದೇ ಚೆನ್ನಾಗಿದೆ, ಬೇಗ ಬೇಗ" ಎಂದು ಓಡಾಡಿದ.

ಸೇಯಿನಿ ಸಾಲಿನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು ಕೊರಳಿಗೆ ತೂಗುಹಾಕಿದ ಸದ್ದಿನ ಪೆಟ್ಟಿಗೆಯ ಗುಂಡಿಗಳನ್ನು ಸರಿ ಮಾಡುತ್ತಿದ್ದಳು. ಲೊಪೆಟಿ ಅವಳ ಕಡೆ ನೋಡಲಿಲ್ಲ. ತಲೆಯ ಮೇಲೆ ಚಾಚಿಕೊಂಡಿದ್ದ ಮೈಕಿನ ತುಪ್ಪಳದ ತುದಿಯೊಂದೇ ಅವನ ಕಣ್ಣಂಚಿಗೆ ಕಾಣುತ್ತಿತ್ತು.

"ಬಾವೋ, ಅವನಿಗೆ ಹೇಳು. ಏನಾದ್ರೂ ಮಾತಾಡ್ಲಿ. ಸೂಜಿ ನೋಡ್ಬೇಕು."

"ಏನಾದ್ರೂ ಮಾತಾಡ್ಬೇಕಂತೆ."

ಲೊಪೆಟಿ ಗಂಟಲು ಸರಿ ಮಾಡಿಕೊಳ್ಳಲೆಂದು ಒಮ್ಮೆ ಕೆಮ್ಮಿದ.

ಹೆಡ್‌ಫೋನಿನೊಳಗೆ ಆ ಕೆಮ್ಮು ಕೇಳಿದವಳು, ಯೋಚನೆಯೇ ಇಲ್ಲದೆ, ಅಭ್ಯಾಸದಿಂದ, ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಕೋಲು ಬಾಗಿತು. ಪೆನಿಯ ಬೆಳ್ಳಿ ಹಾಳೆ ಅಲುಗಿತು. ಸೇಯಿನಿ ಮತ್ತೆ ಮುಂದೆ ಬಂದು, ಕೋಲು ಎತ್ತಿ ಹಿಡಿದು, "ಸಾಕು. ಸೂಜಿ ಸರಿಯಿದೆ" ಎಂದಳು.

"ಹೂಂ" ಎಂದ ಬಾವೋ.

ಲೊಪೆಟಿ ನಡೆಯತೊಡಗಿದ. ಟೋಪಿ ಗಾಡಿಯಲ್ಲೇ ಉಳಿದಿತ್ತು. ಕೈ ಆಡಿಸುವುದು, ಬೆರಳು ಚಾಚುವುದು, ಹೆಗಲು ಕುಣಿಸುವುದು, ಫೋನಿನಲ್ಲಿ ನೋಡಿ ಕಲಿತದ್ದೆಲ್ಲ ಎಲ್ಲಿ ಹೋಯಿತೋ, ಎರಡೂ ಕೈ ಏನನ್ನೋ ಹೊತ್ತು ತರುವವನಂತೆ ಎದೆಯ ಮುಂದೆ ನಿಂತಿದ್ದವು.

ಮೆಟ್ಲ ಮೇಲೊಂದು ತಟ್ಟೆ, ಅದರ ಮೇಲಿನ್ನೊಂದು ತಟ್ಟೆ,
ಇಟ್ಟ ಕೈ ಯಾರದಂತ ನೋಡೋ ಹಂಗಿಲ್ಲ, ಬಿಟ್ಟೆ.
ಮೂಲೆ ತಿರುಗೋ ಮುಂಚೆ ಕೆಮ್ಮಿ ನಿಲ್ತೀನೊಂದ್ಸಲ,
ದಾರಿ ಬಿಡೋ ಸದ್ದು ಅದು, ನೆಗಡಿ ಗಿಗಡಿ ಅಲ್ಲ.
ಬಾಗ್ಲು ಮುಚ್ಚಿದ ಮೇಲೆ ಒಂದೊಂದ್ ಕಾಲು ಇಡ್ತೀನಿ,
ತಟ್ಟೆ ಎತ್ತಿದ್ರೆ ಹಬೆ, ಸುಮ್ನೆ ನಿಂತೇ ಬಿಡ್ತೀನಿ.
ಸೇತ್ವೆ ಮೇಲೆ ನನ್ನ ಗಾಡಿ ಗುಡುಗ್ಕೊಂಡ್ ಬರೋವಾಗ
ಒಲೆ ಹಚ್ಚೋ ಕೈ ಒಂದಿದೆ, ಗೊತ್ತಾಯ್ತು ನಂಗೀಗ.
ಮಾತಿಲ್ಲ ಕತೆಯಿಲ್ಲ, ವರ್ಷ ಉರುಳಲಿ ಎಷ್ಟೇ,
ತೊಳೆದಿಟ್ಟ ಖಾಲಿ ತಟ್ಟೆ, ನನ್ನ ಉತ್ತರ ಅಷ್ಟೇ.
ಊರಿಗೆಲ್ಲ ಕೇಳೋ ಗಂಟ್ಲು ನಂದು, ಮೈಕೇ ಬೇಕಿಲ್ಲ,
ಆ ಮೆಟ್ಲ ಹತ್ರ 'ಚೆನ್ನಾಗಿತ್ತು' ಅನ್ನೋಕ್ ಬಾಯಿಲ್ಲ.

ಸಾಲಿನ ತುದಿ ಬಂತು. ಅವನು ನಿಂತ. ಬಾವೋ ಇನ್ನೂ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಅವನ ಬೆನ್ನ ಹಿಂದಿನ ಖಾಲಿ ಸಾಲನ್ನು ಸ್ವಲ್ಪ ಹೊತ್ತು ತೋರಿಸಿ, ಕ್ಯಾಮೆರಾ ಇಳಿಸಿದ. ಪೆನಿ ಕೆಳಗೆ ನೋಡುತ್ತ ಕಾಲಿನಿಂದ ಎಲೆ ಸರಿಸುತ್ತಿದ್ದ.

ಸೇಯಿನಿ ಹೆಡ್‌ಫೋನು ತೆಗೆದಿರಲಿಲ್ಲ. ಎಲ್ಲ ನಿಂತ ಮೇಲೂ ಒಂದು ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು.

"ಬಾವೋ" ಎಂದಳು ಕೊನೆಗೆ. "ಅವನಿಗೆ ಹೇಳು."

"ಏನಂತ?"

"ನಡುವೆ ಒಂದು ಕಡೆ ಎಲೆ ತುಳಿದ ಸದ್ದು ಬಂದಿದೆ. ಇನ್ನೊಂದ್ಸಲ ಹೇಳ್ಬೇಕು ಅಂತ."

"ಎಲೆ ಸದ್ದು ಇದ್ರೆ ಚೆನ್ನಾಗೇ ಇರುತ್ತೆ. ತೋಟ ತಾನೇ?"

"ಇನ್ನೊಂದ್ಸಲ ಹೇಳ್ಬೇಕು ಅಂತ ಹೇಳು."

ಲೊಪೆಟಿ ಬಾವೋ ಹೇಳುವುದಕ್ಕೆ ಕಾಯಲಿಲ್ಲ. ಆಗಲೇ ಸಾಲಿನ ಆ ತುದಿಗೆ ನಡೆದು ಹೋಗುತ್ತಿದ್ದ. ಮುಂದೆ ತಿಂಗಳುಗಟ್ಟಲೆ ಕೂತು ಚಿತ್ರ ಜೋಡಿಸುವಾಗ ಬಾವೋ ಮೊದಲ ಸಲದ್ದನ್ನು ಎಷ್ಟೋ ಬಾರಿ ಕೇಳಿ ನೋಡಿದ. ಎಲೆ ತುಳಿದ ಸದ್ದು ಅವನಿಗೆ ಎಲ್ಲೂ ಸಿಗಲಿಲ್ಲ.

---

ಚಿತ್ರ ತೋರಿಸಿದ್ದು ಚಳಿಗಾಲದಲ್ಲಿ, ಬಳ್ಳಿ ಸವರುವ ಕೆಲಸ ಮುಗಿಯುತ್ತ ಬಂದಾಗ. ಚರ್ಚಿನ ಹಾಲಿನ ಒಂದು ಗೋಡೆಗೆ ಬಿಳಿ ಬಟ್ಟೆ ಬಿಗಿದಿದ್ದರು. ಹೆಂಗಸರು ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಅಡುಗೆ ತಂದು ಹಿಂದಿನ ಮೇಜುಗಳ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದರು. ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಹಾಕಿ ಕಟ್ಟಿ ಬೇಯಿಸಿದ ಮಾಂಸದ ವಾಸನೆ ಒಳಗೆಲ್ಲ ತುಂಬಿತ್ತು. ಬಾವೋನ ಅ‍ಪ್ಪ ಅಮ್ಮ ಮೊದಲ ಸಾಲಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದರು. ಲೆಸಿಯೆಲಿಗೆ ನಡುವೆ ಕೈಯಿರುವ ಕುರ್ಚಿ. ಅಕ್ಕ ತಂಗಿಯರಿರುವ ಹುಡುಗರೆಲ್ಲ, ಯಾರೂ ಹೇಳದೆಯೇ, ಬಾಗಿಲ ಪಕ್ಕದ ಕುರ್ಚಿಗಳನ್ನು ಹಿಡಿದಿದ್ದರು. ಪೆನಿ ಮುಂಜಾಗ್ರತೆಗೆ ನೀರಿನ ಬಾಟಲಿ ತಂದಿದ್ದ.

"ಮುತ್ತಿಲ್ಲ ಅಂತ ಬಾವೋ ಆಣೆ ಮಾಡಿದಾನಲ್ಲೋ" ಎಂದ ಲೊಪೆಟಿ.

"ಸಿನಿಮಾದವರನ್ನ ನಂಬೋಕಾಗುತ್ತಾ?"

ಸೇಯಿನಿ ಹಾಲಿನ ಹಿಂಭಾಗದಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು, ಸದ್ದಿನ ಪೆಟ್ಟಿಗೆಯ ಮುಂದೆ ಕೂತಿದ್ದಳು. ಅವಳ ಮೇಜಿನ ಒಂದು ಮೂಲೆಯಲ್ಲಿ ಒಂದು ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ. ಸಿನಿಮಾ ಮುಗಿಯುವುದರೊಳಗೆ ಚಿಳ್ಳೆಪಿಳ್ಳೆಗಳು ಪಾತ್ರೆ ಖಾಲಿ ಮಾಡಿಬಿಡುತ್ತವೆಂದು ಯಾರಿಗೋ ತೆಗೆದಿರಿಸಿದ್ದು.

ದೀಪ ಆರಿತು. ತಮ್ಮ ತೋಟ, ತಮ್ಮ ಸೇತುವೆ, ತಮ್ಮ ಅಂಗಡಿ ಬೀದಿ ಗೋಡೆಯ ಮೇಲೆ ಬಂದಾಗ ಜನ ಗುರುತು ಹಿಡಿದು ಗುಜುಗುಜು ನಕ್ಕರು. ಲೊಪೆಟಿಯ ಗಾಡಿಯ ಸದ್ದು ಬಂದಾಗಲಂತೂ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಕೊನೆಗೆ ಹಳದಿ ಸಾಲು ಬಂತು. ಒಂದು ಕೆಮ್ಮು ಕೇಳಿತು. ಬಾವೋ ಅದನ್ನು ಕತ್ತರಿಸದೆ ಉಳಿಸಿಕೊಂಡಿದ್ದ.

ಲೊಪೆಟಿ ಎದ್ದುಬಿಟ್ಟ. "ಎಲ್ಲಿಗೋ, ಮುತ್ತಿಲ್ಲ" ಎಂದು ಪೆನಿ ಪಿಸುಗುಟ್ಟುವಷ್ಟರಲ್ಲಿ ಬಾಗಿಲು ದಾಟಿದ್ದ.

ಹೊರಗೆ ಜಗಲಿಯ ಮೇಲೆ ಜನರ ಚಪ್ಪಲಿಗಳು ಚೆಲ್ಲಿಕೊಂಡಿದ್ದವು. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ. ಅವನು ಜೇಬಿಗೆ ಕೈ ತುರುಕಿ ಗೋಡೆಗೆ ಒರಗಿದ. ಒಳಗೆ ಅವನ ದನಿ ಮೆಟ್ಟಿಲು, ತಟ್ಟೆ ಎನ್ನುತ್ತಿತ್ತು, ಆದರೆ ಗೋಡೆಯಾಚೆ ಅದು ಮಸುಕಾಗಿ, ಬೇರೆ ಯಾರದೋ ಎಂಬಂತೆ ಕೇಳುತ್ತಿತ್ತು. ಎರಡು ಸಾಲು ಹಾಗೆಯೇ ಹೋಯಿತು. ಮೂರನೆಯದಕ್ಕೆ, ಒಳಗೆ ಗುಂಡಿ ತಿರುಗಿಸಿದಂತೆ, ದನಿ ಸ್ವಲ್ಪ ಏರಿತು. ಮತ್ತೂ ಸ್ವಲ್ಪ. ಗಾಳಿಯನ್ನು ಮೀರಿ, ಬಾಗಿಲ ಸಂದಿಯಿಂದ, ಒಂದೊಂದು ಮಾತೂ ಬಿಡಿಬಿಡಿಯಾಗಿ ಜಗಲಿಗೆ ಬಂತು. ಕೊನೆಯ ಸಾಲು ಮುಗಿಯುವವರೆಗೂ ಅವನು ಚಪ್ಪಲಿಗಳನ್ನು ನೋಡುತ್ತ ನಿಂತಿದ್ದ.

ಒಳಗೆ ಕುರ್ಚಿ ಸರಿಯಿತು, ಅತ್ತೆ ಮೂಗು ಸೀಟಿದ ಸದ್ದು ಕೇಳಿತು, ಚಪ್ಪಾಳೆ ಶುರುವಾಯಿತು. ದೀಪ ಹತ್ತಿ ಬೆಳಕು ಬಾಗಿಲಿನಡಿಯಿಂದ ಅವನ ಪಾದದವರೆಗೆ ಬಂತು.

ಅವನು ಬಾಗಿಲ ಬಳಿಗೆ ಬಂದು, ಒಳಗೆ ಕಾಲಿಡುವ ಮುಂಚೆ ನಿಂತು, ಒಮ್ಮೆ ಕೆಮ್ಮಿದ.

ಸೇಯಿನಿ ಹಿಂದಿರುಗಿ ನೋಡಲಿಲ್ಲ. ತಂತಿ ಸುತ್ತುತ್ತಿದ್ದ ಕೈಯನ್ನು ಬಿಡಿಸಿಕೊಂಡು, ಮೇಜಿನ ಮೂಲೆಯಲ್ಲಿದ್ದ ತಟ್ಟೆಯನ್ನು ಬಾಗಿಲ ಕಡೆಯ ಅಂಚಿಗೆ ಮೆಲ್ಲಗೆ ಸರಿಸಿದಳು.